ಹೊಲಿಗೆ

ಹೇಗೆ ಗೊತ್ತಾಗುತ್ತದೆ ಎಂದು ಕೇಳುತ್ತೀಯ, ಸೋಲೀನ್.
ಗೊತ್ತಾಗುವುದಿಲ್ಲ.
ಗೊತ್ತಾಯಿತು ಅನ್ನುವಷ್ಟರಲ್ಲಿ
ಅದು ಆಗಲೇ ನಿನ್ನ ಕುತ್ತಿಗೆಯ ಹಿಂದಿರುತ್ತದೆ,
ಯಾರೋ ಒದ್ದೆ ಕೈ ಇಟ್ಟಂತೆ, ತಣ್ಣಗೆ.

ಅಂದು ಮೊರೊಂಬೆಯಿಂದ ಹೊರಟಾಗ
ಕಡಲು ತಟ್ಟೆಯಲ್ಲಿಟ್ಟ ಎಣ್ಣೆ.
ಎರಡು ಮೂಟೆ ಅಕ್ಕಿ, ಒಂದು ಡಬ್ಬಿ ಸೀಮೆಎಣ್ಣೆ,
ಬುಟ್ಟಿಯಲ್ಲಿ ಕಾಲು ಕಟ್ಟಿದ ಹುಂಜ,
ನಡುವೆ ನಾನು, ಹೊಟ್ಟೆಯಲ್ಲಿ ಆರು ತಿಂಗಳ ನೀನು.
ಹಿಂದೆ ಹುಟ್ಟು ಹಿಡಿದು ನಿನ್ನಪ್ಪ.
ತ್ಸಿವೇರಿ, ‘ಕಳೆದುಹೋಗದವನು’ ಎಂದು
ಹೆಸರಿಟ್ಟ ತಾಯಿಗೆ
ಮೊದಲೇ ಮೂರು ಕಳೆದುಹೋಗಿದ್ದವು.

ಮೇಲೆ ನನ್ನ ಹಾಯಿ.
ನನ್ನದು ಅಂದೆ, ನೋಡು, ಈಗಲೂ.
ಹದಿನಾಲ್ಕು ಹಿಟ್ಟಿನ ಚೀಲ ಬಿಚ್ಚಿ, ಒಗೆದು,
ಹನ್ನೊಂದು ರಾತ್ರಿ ಕೂತು ಕೂಡಿಸಿದ್ದು.
ಗಿರಣಿಯ ಹೆಸರು ತಲೆಕೆಳಗಾಗಿ ಬಂದಿತ್ತು.
ಮೀನುಗಳು ಓದಿಕೊಳ್ಳಲಿ ಬಿಡು
ಎಂದು ನಕ್ಕಿದ್ದ ನಿನ್ನಪ್ಪ.
ಜೋಡಿ ಹೊಲಿಗೆ.
ಬಟ್ಟೆ ಹರಿದರೂ ದಾರ ಹರಿಯಬಾರದು
ಎಂದು ನಮ್ಮವ್ವ ಬೆರಳಿಗೆ ಬಡಿದು ಕಲಿಸಿದ್ದು.

ಮೊದಲು ಹುಂಜ ಸುಮ್ಮನಾಯಿತು.
ಆಮೇಲೆ ದಡದ ಕಡೆಯಿಂದ, ಮುಳ್ಳುಕಾಡಿನ ಮೇಲಿಂದ
ಯಾರದೋ ಅಂಗಳದ ಮಣ್ಣಿಗೆ ಮಳೆ ಬಿದ್ದ ವಾಸನೆ.
ಬಾವೊಬಾಬ್ ಮರಗಳು ಒಂದೊಂದಾಗಿ
ಬೂದಿಯೊಳಗೆ ಹೊಕ್ಕವು.
ನೀರಿನ ಮೇಲೆ ಒಂದು ಕಪ್ಪು ಗೆರೆ.
ಗೆರೆ, ಅಂದೆ.
ಅಂದು ಮುಗಿಸುವಷ್ಟರಲ್ಲಿ ಅದು ಗೋಡೆ.

ಗಾಳಿ ಬಂದಾಗ ತೂರಿಕೋ ಅನ್ನುತ್ತಾರಂತೆ
ಕಾಲ ಕೆಳಗೆ ಕಣವಿರುವ ಜನ.
ನಮ್ಮ ಕಾಲ ಕೆಳಗೆ ಎರಡು ಬೆರಳು ದಪ್ಪದ ಮರ.

ಹಾಯಿ ಉಬ್ಬಿತು, ನನ್ನ ಹೊಟ್ಟೆಯನ್ನು ಅಣಕಿಸುವಂತೆ.
ಪಕ್ಕದ ತೇಲುಮರ ನೀರು ಬಿಟ್ಟು ಮೇಲೆದ್ದಿತು.
ತ್ಸಿವೇರಿ ಅದರ ಕಡೆಗೆ ಓಡಿದ,
ತೋಳಿನಷ್ಟೇ ದಪ್ಪದ ಅಡ್ಡಗಳುವಿನ ಮೇಲೆ, ಬರಿಗಾಲಲ್ಲಿ,
ಇದ್ದ ಮೈಭಾರವನ್ನೆಲ್ಲ ತುದಿಗೆ ತೂಗುಹಾಕಿ
ಹಗ್ಗ ಬಿಚ್ಚು, ಹಗ್ಗ ಬಿಚ್ಚು ಎಂದು ಕೂಗಿದ.
ತೋಯ್ದ ನಾರಿನ ಗಂಟು ಕಲ್ಲಾಗಿತ್ತು.
ಉಗುರು ಹೋಯಿತು. ಹಲ್ಲು ಹಾಕಿದೆ. ಉಪ್ಪು.
ಇನ್ನೊಂದು ಕಡೆಯಿಂದ ಕಡಲು ಒಳಗೆ ಬಂದು
ಕರೆಯದ ನೆಂಟನ ಹಾಗೆ ಅಕ್ಕಿಯ ಮೇಲೇ ಕೂತಿತು.

ಆಕ್ಟೋಪಸ್ ಚುಚ್ಚುವ ಕಬ್ಬಿಣ ಕೈಗೆ ಸಿಕ್ಕಿತು.
ಮೊದಲ ಇರಿತಕ್ಕೆ ಬಟ್ಟೆ ಹರಿಯಿತು,
ಸರ್ರನೆ ಹೊಲಿಗೆಯ ತನಕ ಹೋಗಿ
ಅಲ್ಲೇ ನಿಂತಿತು.
ಎಂಥ ಹೊಲಿಗೆ, ಸೋಲೀನ್!
ಆ ಗಳಿಗೆಯಲ್ಲೂ, ನಾಚದೆ ಹೇಳುತ್ತೇನೆ,
ಹೆಮ್ಮೆಯಾಯಿತು.
ಆಮೇಲೆ ಹೊಲಿಗೆಯನ್ನೇ ಇರಿದೆ,
ಹಂದಿ ಸೀಳುವವಳ ಹಾಗೆ, ಅಡಿಯಿಂದ ಮುಡಿಗೆ,
ನಮ್ಮವ್ವನನ್ನೂ ಬೈಯುತ್ತ.

ದೋಣಿ ನೆಟ್ಟಗಾಯಿತು.

ಅಷ್ಟೆ. ಗಂಜಿ ಬೇಯುವಷ್ಟೂ ಹೊತ್ತಲ್ಲ.
ಗಾಳಿ ನಮ್ಮ ತಲೆಯ ಮೇಲಿಂದ ಪಡುವಣಕ್ಕೆ ದಾಟಿತು,
ಬೇರೆಲ್ಲೋ ಕೆಲಸವಿದ್ದಂತೆ.
ಹುಂಜ ಸತ್ತಿತ್ತು.
ತ್ಸಿವೇರಿ ಡಬ್ಬಿಯಿಂದ ನೀರು ಎತ್ತಿ ಸುರಿಯುತ್ತ
ಪಟಪಟ ಬಡಿದುಕೊಳ್ಳುವ ಚಿಂದಿಯನ್ನು ಬಹಳ ಹೊತ್ತು ನೋಡಿದ.
ಸೂಜಿ ತಂದಿದ್ದೀಯಾ? ಅಂದ.
ತಂದಿರಲಿಲ್ಲ.
ರಾತ್ರಿಯೆಲ್ಲ ಇಬ್ಬರೂ ನೀರು ಬಗೆಯುತ್ತ ಬಂದೆವು,
ದೋಣಿಯಲ್ಲಿ ಎರಡು ಹುಟ್ಟು,
ಮೂರನೆಯ ಹುಟ್ಟಿಗೆ ಇನ್ನೂ ಮೂರು ತಿಂಗಳು ಬಾಕಿ.

ಈಗ ಯಾವ ಹಾಯಿ ಹೊಲಿದರೂ
ಕೆಳಮೂಲೆಯಲ್ಲಿ ಒಂದು ಗೇಣು ಒಂಟಿ ದಾರ ಬಿಡುತ್ತೇನೆ,
ಗಂಟಿಲ್ಲದೆ, ಎಳೆದರೆ ಬರುವಂತೆ.
ಅವ್ವನಿಗೆ ಕಣ್ಣು ಮಂಜಾಯಿತು ಅಂದುಕೊಂಡೆಯಲ್ಲ?
ನಿನ್ನೆ ಅದನ್ನು ಬಿಗಿದು ಗಂಟು ಹಾಕಿದ್ದೀಯ.
ನೋಡಿದೆ.
ಅಚ್ಚುಕಟ್ಟಾಗಿದೆ.
ತಾ ಇಲ್ಲಿ, ಕತ್ತರಿ.