ಹೊಲಿಗೆಗೆ ಬಿಟ್ಟ ಬಟ್ಟೆ

ಪರಾಗ ಗಾವಂಡ ಕಳಿಸಿದ ಮೇಲಿಗೆ
ಬಾಲದಂತೆ ಒಂದು ಕ್ಲಿಪ್ಪಿನ ಚಿತ್ರ:
'ಮ್ಯಾಡಮ್, ಪ್ಲ್ಯಾನು ಲಗತ್ತಿಸಿದೆ. ಶುಕ್ರವಾರದೊಳಗೆ ಟೋಕನ್ ಕೊಡಿ.'
ಒತ್ತಿದೆ. ಗಿರಗಿರ ತಿರುಗಿತು ಒಂದು ಚಕ್ರ.
ಆಮೇಲೆ ಒಂದೇ ಸಾಲು:
ಈ ಬಗೆಯ ಫೈಲಿಗೆ ಇಲ್ಲಿ ಬೆಂಬಲವಿಲ್ಲ.

ಯಾವ ಬಗೆಗೆ ಇದೆಯಪ್ಪಾ ಈ ಊರಿನಲ್ಲಿ
ಅಂತ ಫೋನನ್ನೇ ಕೇಳಬೇಕೆನಿಸಿತು.

ದಿನಕ್ಕೆ ಇನ್ನೂರು ಶೀಶೆಯ ಮುಚ್ಚಳ ತೆರೆಯುವ ಕೈ ನನ್ನದು,
ಪರೇಲಿನ ಲ್ಯಾಬಿನಲ್ಲಿ.
ಯಾರ ರಕ್ತ, ಯಾರ ಹೆಸರು, ಒಂದೂ ತಪ್ಪಿಲ್ಲ.
ಒಂದು ಕಾಗದ ತೆರೆಯಲಿಲ್ಲ.
ಬ್ಯಾಂಕಿನ ಖಾಂಡೇಕರರಿಗೆ ದಾಟಿಸಿದೆ, ಅವರಲ್ಲೂ ಇಲ್ಲ.
'ಪ್ಲ್ಯಾನು ನೋಡದೆ ಸಾಲ ಹೇಗೆ?' ಅಂದರು.
ಪರಾಗನಿಗೆ ಫೋನು ಮಾಡಿದರೆ
'ನನ್ನಲ್ಲಿ ತೆರೆಯುತ್ತಲ್ಲ ಮ್ಯಾಡಮ್!'
ನಿನ್ನಲ್ಲಿ ತೆರೆಯುತ್ತದೆ ಮಾರಾಯಾ,
ಬೀಗದ ಕೈಯೂ ನಿನ್ನ ಹತ್ತಿರವೇ ಇದೆ.

ಒಂಬತ್ತು ವರ್ಷ. ಇದು ಹತ್ತನೆಯ ಬಾಡಿಗೆ ಮನೆ.
ಹನ್ನೊಂದು ತಿಂಗಳ ಕರಾರು;
ಒಂದೇ ಗೋಡೆಯ ಮೇಲೆ ಹನ್ನೆರಡನೇ ತಿಂಗಳ
ಹಾಳೆ ತಿರುವಿದವರಲ್ಲ ನಾವು.
ಕುಕ್ಕರಿನ ರಟ್ಟಿನ ಡಬ್ಬ ಇನ್ನೂ ಬಿಸಾಡಿಲ್ಲ.
ಮೊಳೆ ಹೊಡೆಯಬಾರದು ಅಂದರು ಠಾಣೆಯ ಮಾಲೀಕರು,
ಮೀನು ಹುರಿಯಬಾರದು ಅಂದರು ಮುಲುಂಡಿನವರು,
ಡೊಂಬಿವಲಿಯಾಕೆ ಏನೂ ಅನ್ನಲಿಲ್ಲ,
ನಲ್ಲಿಯನ್ನೇ ಮುಚ್ಚಿದಳು.
ಮನೆ ಕಟ್ಟಿ ನೋಡು ಅಂತಾರೆ ಊರಲ್ಲಿ.
ಇಲ್ಲಿ ನಾವು ಕಟ್ಟುವುದು ಬರೀ ಕಂತು.

ಕಲ್ಯಾಣ ಸ್ಟೇಶನ್ನಿನ ಪೂರ್ವಕ್ಕೆ, ಝೆರಾಕ್ಸ್ ಅಂಗಡಿಯ ನಿಖತ್,
ಹನ್ನೆರಡನೇ ಕ್ಲಾಸಿನ ಹುಡುಗಿ, ಬಿಸ್ಕತ್ತು ತಿನ್ನುತ್ತಾ
ಫೈಲಿನ ಬಾಲ ಅಳಿಸಿದಳು, ಬೇರೆ ಬಾಲ ಅಂಟಿಸಿದಳು.
ಮೊದಲು ಬರೀ ಚಚ್ಚೌಕಗಳು, ಯಾವ ಲಿಪಿಯೂ ಅಲ್ಲ.
ಆಮೇಲೆ ಒಂದು ಕಾರಂಜಿ, ಅದರ ಮುಂದೆ ಬಿಳಿ ನಾಯಿ.
ಆಮೇಲೆ, ತಲೆಕೆಳಗಾಗಿ, ನಮ್ಮ ಮನೆ.
'ಆಂಟೀ, ಪ್ರಿಂಟು ಹತ್ತು ರೂಪಾಯಿ.'
ಅಷ್ಟು ಅಗ್ಗಕ್ಕೆ ಯಾರೂ ಕೊಟ್ಟಿರಲಿಲ್ಲ ನಮಗೆ.

ಅಂಬರನಾಥ, ಏಳನೇ ಮಾಳಿಗೆ, ಏಳುನೂರ ನಾಲ್ಕು.
ಜಾಹೀರಾತಿನಲ್ಲಿ ಐನೂರ ಎಪ್ಪತ್ತು ಅಡಿ,
ಪ್ಲ್ಯಾನಿನಲ್ಲಿ ಮುನ್ನೂರ ನಲವತ್ತು.
ಉಳಿದದ್ದು ಮೆಟ್ಟಿಲಲ್ಲಿದೆಯಂತೆ, ಲಿಫ್ಟಿನಲ್ಲಿದೆಯಂತೆ,
ಗೋಡೆಯ ದಪ್ಪದಲ್ಲಿದೆಯಂತೆ.
ಇವರು ದಾದರಿನ ಸೂಟಿನಂಗಡಿಯಲ್ಲಿ ಕಟಿಂಗ್ ಮಾಸ್ತರು;
ಕನ್ನಡಕ ಹಣೆಗೇರಿಸಿ ನಕ್ಕರು:
'ಹೊಲಿಗೆಯೊಳಗೆ ಮಡಚಿಹೋಗುವ ಬಟ್ಟೆಗೂ
ಗಿರಾಕಿಯೇ ಅಲ್ಲವೇನೇ ಕೊಡೋದು?'
'ಗಿರಾಕಿ ದಪ್ಪಗಾದರೆ ನೀವು ಬಿಚ್ಚಿ ಅಗಲ ಮಾಡ್ತೀರಿ.
ಇದನ್ನ ಯಾರು ಬಿಚ್ತಾರೆ?' ಅಂದೆ.
ನಗು ನಿಂತಿತು.

ರಾತ್ರಿ ಹತ್ತರ ಮೇಲೆ ಟೆರೇಸಿಗೆ ಹೋದೆವು,
ವಾಚ್‌ಮನ್ನಿಗೆ ಹೇಳದೆ.
ಒಂದು ಕೈಯಲ್ಲಿ ಟೇಪಿನ ತುದಿ, ಇನ್ನೊಂದರಲ್ಲಿ ಫೋನಿನ ಟಾರ್ಚು ನನಗೆ.
ಇವರು ಮಂಡಿಯೂರಿ
ಸೂಟಿಗೆ ಗೆರೆ ಎಳೆಯುವ ಚಪ್ಪಟೆ ಸೀಮೆಸುಣ್ಣದಲ್ಲಿ
ಎಳೆದರು: ಹಾಲ್, ಒಂದು ಕೋಣೆ, ಅಡಿಗೆಕಟ್ಟೆ.
ಬಚ್ಚಲ ಬಾಗಿಲು ತೆರೆದರೆ ಒಲೆಗೆ ಬಡಿಯುತ್ತದೆ;
ಅಂಗೈಯಲ್ಲಿ ಉಜ್ಜಿ, ಬೇರೆ ಕಡೆ ತಿರುಗಿಸಿದರು.
ಬಿಲ್ಡರನ ಅಪ್ಪಣೆ ಬೇಕಾಗಲಿಲ್ಲ.
ಕಿಟಕಿಗೆ ಬಿಟ್ಟ ಜಾಗದಲ್ಲಿ, ದೂರ,
ಕರ್ಜತ್ ಲೋಕಲ್ಲಿನ ದೀಪಗಳು ಹಾದುಹೋದವು.

ನಡುವೆ ನಿಂತೆವು. ಮಾತಿಲ್ಲ.
ಕುಕ್ಕರು ಎಲ್ಲಿಡುವುದೆಂದು ನನಗೆ ಗೊತ್ತಾಗಿತ್ತು.

ಆಗ ಬಂದಳು ಪ್ರಾಪ್ತಿ, ನಿದ್ದೆಗಣ್ಣಲ್ಲಿ, ಬರಿಗಾಲಲ್ಲಿ,
ನೆಟ್ಟಗೆ ಬಚ್ಚಲ ಗೋಡೆ ತುಳಿದು.
'ಏ! ಬಾಗಿಲಿಂದ ಬಾರೇ!'
ಇಬ್ಬರೂ ಒಟ್ಟಿಗೆ ಗದರಿದೆವು.
ಹಿಂದೆ ಸರಿದಳು, ಗೆರೆ ನೋಡಿದಳು,
ಸುತ್ತು ಹಾಕಿ ಬಂದು, ಬಿಟ್ಟ ಸಂದಿನೆದುರು ನಿಂತು
ಬೆರಳು ಮಡಚಿ ಗಾಳಿಗೆ ತಟ್ಟಿದಳು.

ಟಾರ್ಚು ಹಿಡಿದ ಫೋನು ಟಿಣ್ ಅಂದಿತು. ಪರಾಗನೇ.
'ರೇಟು ಪರಿಷ್ಕರಿಸಿದೆ. ವಿವರ ಲಗತ್ತಿಸಿದೆ.'
ಒತ್ತಲಿಲ್ಲ.
ಇವರು ಎದ್ದು, ಮಂಡಿಯ ಸುಣ್ಣ ಕೊಡವಿ,
ಬಾಗಿಲ ತನಕ ನಡೆದು ಕೇಳಿದರು:
'ಯಾರದು?'