ಬಾಯಿಪಾಠ

ಮೇಜಿನಾಚೆ ಮೂವರು.
ನಡುವಿನಾಕೆ ಕೇಳಿದರು: ದಂತವೈದ್ಯವೇ ಯಾಕೆ?

ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿದ್ದೆ:
ವಿಜ್ಞಾನದಲ್ಲಿ ಆಸಕ್ತಿ, ಕೈಯ ಕುಶಲತೆ, ಜನಸೇವೆ.
ಮೂರನ್ನೂ ಒಪ್ಪಿಸಿದೆ.
ತುದಿಯಲ್ಲಿ ಕೂತವರು ಕಿಟಕಿಯಾಚೆ
ಟೇ ನದಿ ದಾಟುವ ರೈಲು ನೋಡುತ್ತಿದ್ದರು.

ಇನ್ನೇನಾದರೂ?

ನಮ್ಮಜ್ಜಿ ಇಷ್‌ಬೆಲ್, ಇದೇ ಡಂಡೀಯವಳು,
ಸೆಣಬಿನ ಗಿರಣಿಯಲ್ಲಿ ಮಗ್ಗ.
ಆ ಸದ್ದಿನಲ್ಲಿ ಕಿವಿ ಇದ್ದೂ ಇಲ್ಲ,
ಹೆಂಗಸರು ಒಬ್ಬರ ತುಟಿ ಒಬ್ಬರು ಓದುತ್ತಿದ್ದರಂತೆ.
ಇಪ್ಪತ್ತೊಂದು ತುಂಬಿ, ಮದುವೆಗೆ ವಾರವಿದ್ದಾಗ
ಅವಳಪ್ಪ ಉಡುಗೊರೆ ಕೊಟ್ಟ:
ಹಲ್ಲೆಲ್ಲ ಕೀಳಿಸಿದ. ಗಟ್ಟಿಯಿದ್ದವನ್ನೂ.
ಅಳಿಯನಿಗೆ ಮುಂದೆ ಖರ್ಚು ಬರಬಾರದಲ್ಲ.

ಸೋಮವಾರ ಗಿರಣಿಗೆ ಹೋದಳು.
ಎದುರು ಮಗ್ಗದ ನೆಟ್ಟಿ ಮಧ್ಯಾಹ್ನದವರೆಗೂ
ಏನಂದೆ? ಏನಂದೆ? ಎನ್ನುತ್ತಲೇ ಇದ್ದಳು, ತುಟಿಯಲ್ಲೇ.
ಹಲ್ಲಿಗೆ ನಾಲಗೆ ತಾಗಿಸಿ ಆಡುವ ಮಾತು
ತಾಗಲು ಜಾಗವಿಲ್ಲದೆ ಒಳಗೇ ಜಾರಿತ್ತು.

ಇದನ್ನು ನನಗೆ ಹೇಳುವಾಗಲೂ
ಅಜ್ಜಿ ಬಾಯಿಗೆ ಅಂಗೈ ಅಡ್ಡ ಹಿಡಿದಿದ್ದಳು.
ಪಕ್ಕದ ಲೋಟದಲ್ಲಿ ಸೆಟ್ಟು
ಯಾವ ಸಂಕೋಚವೂ ಇಲ್ಲದೆ ನಗುತ್ತಿತ್ತು.

ಅಷ್ಟೇ ಎಂದೆ. ಪೆನ್ನುಗಳು ಅಲ್ಲಾಡಲಿಲ್ಲ.
ಕಿಟಕಿಯ ಕಡೆಯವರು ಮೊದಲ ಸಲ ತಿರುಗಿದರು:
ಅವತ್ತು ಅವರು ಹೇಳುತ್ತಿದ್ದದ್ದಾದರೂ ಏನು?

ನೋವೇನಿಲ್ಲ ಅಂತ, ಸರ್.