ಎಳೆ

ಮೂಗುತಿ ಬಿಚ್ಚಿ ನನ್ನ ಅಂಗೈಗಿಟ್ಟಳು ದುಂಡವ್ವ,
ಗುಳೇದಗುಡ್ಡದಿಂದ ಬಂದ ಖಣ ನೇಯುವಾಕೆ.
"ಕಳದೀಯೋ ತಮ್ಮಾ, ತಲೀಗಿಂತ ಅದು ತುಟ್ಟಿ."

ಫಾರ್ಮಿನ ಮೊದಲ ಪ್ರಶ್ನೆ: ನಿಮ್ಮ ಬಗ್ಗೆ ನಿಮಗೆಷ್ಟು ಹೆಮ್ಮೆ, ಹತ್ತಕ್ಕೆ?
"ನಮ್ದೇನೈತ್ರಿ" ಅಂದಳು.
ಸೊನ್ನೆ ಬರೆದೆ.

ಬಾಗಲಕೋಟೆಯ ಆ ತಣ್ಣನೆಯ ಕೋಣೆಯಲ್ಲಿ
ಮಷೀನು ಮಗ್ಗದ ಹಾಗೆ ಬಡಿಯತೊಡಗಿತು.
ಕಿವಿಗೆ ಅವಳ ಹೆಸರು, ಹಿಂದೆಯೇ ಒಂದೊಂದು ಮಾತು:
ಜಾಣೆ. ದಡ್ಡಿ. ಎಲ್ಲರಿಗೂ ಬೇಕಾದಾಕೆ. ಯಾರಿಗೂ ಬ್ಯಾಡಾದಾಕೆ.
ಹದ ಬಲ್ಲ ಕೈ.

ವಾರದ ಮೇಲೆ ಡಾಕ್ಟರು ಬಣ್ಣ ತುಂಬಿ ತೋರಿಸಿದರು.
ಹೊಗಳಿಕೆಗೆ ಮಿಸುಕಿಲ್ಲ, ಬೈಗುಳಕ್ಕೂ ಇಲ್ಲ.
ಕೊನೆಯ ಮಾತಿಗೆ ಮಾತ್ರ
ಹಣೆಯ ಹಿಂದೆ, ಕುಂಕುಮದ ನೇರಕ್ಕೆ,
ಬೂದಿ ಕೆದರಿದರೆ ಕಾಣುವಂಥ ಒಂದು ಕೆಂಡ.
ಸೊನ್ನೆ ಬರೆದ ಪೆನ್ನು ಇನ್ನೂ ನನ್ನ ಜೇಬಿನಲ್ಲಿತ್ತು.

ಅವಳಿಗಿಂತ ಮೊದಲು, ಮಷೀನು ಪರೀಕ್ಷಿಸಲೆಂದು, ಮಲಗಿದ್ದವನು ನಾನೇ.
ಹೆಮ್ಮೆಗೆ ಹತ್ತಕ್ಕೆ ಹತ್ತು ಹಾಕಿಕೊಂಡಿದ್ದೆ.
ನನ್ನ ಚಿತ್ರದಲ್ಲಿ
ಯಾರು ಹೊಗಳಿದರೂ ಧಗ್,
ಯಾರು ತೆಗಳಿದರೂ ಧಗ್,
ನಡುವೆ ಕತ್ತಲೆ.
ಅದನ್ನು ಯಾರಿಗೂ ತೋರಿಸಿಲ್ಲ.

ಮೂಗುತಿ ತಿರುವಿಕೊಳ್ಳುತ್ತ ಅವತ್ತು
ನನ್ನ ಕಾಲರಿನತ್ತ ನೋಡಿದ್ದಳು:
"ಎಳಿ ಬಿಟ್ಟೈತಿ ತಮ್ಮಾ.
ಜಗ್ಗಬ್ಯಾಡ.
ಜಗ್ಗಿದಷ್ಟೂ ಬಿಚ್ಚತೈತಿ."